ಉಂಗುರ ಹಾರಿತು, ನನ್ನ ಬಾಯಿ ಕಟ್ಟಿತು

ಎಂ.ಎಸ್‌ಸಿ ಭೌತಶಾಸ್ತ್ರ ಮುಗಿಸಿ ಪಿಯು ಕಾಲೇಜೊಂದರ ಉಪನ್ಯಾಸಕ ಹುದ್ದೆಗೆ ಸಂದರ್ಶನಕ್ಕೆ ಹೋಗಿದ್ದೆ. ಡೆಮೊ ತರಗತಿಗೆಂದು ಲೆನ್ಸ್ ನಿಯಮವನ್ನು ಉರು ಹೊಡೆದಿದ್ದೆ. ಆದರೆ ಹಿರಿಯ ಉಪನ್ಯಾಸಕರು ನೇರವಾಗಿ ಲ್ಯಾಬಿಗೆ ಕರೆದೊಯ್ದು, ಹೆಸರಿನ ಚೀಟಿಯೂ ಇಲ್ಲದ ಉಪಕರಣವೊಂದನ್ನು ಮುಂದಿಟ್ಟರು. ‘ಇದು ಹೇಗೆ ಕೆಲಸ ಮಾಡುತ್ತೆ, ನೋಡಿ ಹೇಳಿ. ಅರ್ಧ ಗಂಟೆ ಟೈಮಿದೆ’ ಎಂದರು.

ಮರದ ಹಲಗೆಯ ಮೇಲೆ ತಾಮ್ರದ ತಂತಿಯ ದಪ್ಪ ಸುರುಳಿ. ಅದರೊಳಗಿಂದ ಗೇಣುದ್ದ ಮೇಲೆದ್ದ ಕಬ್ಬಿಣದ ಸರಳು. ಪಕ್ಕದಲ್ಲಿ ಎರಡು ಅಲ್ಯೂಮಿನಿಯಂ ಉಂಗುರಗಳು. ಒಂದು ಇಡಿಯಾಗಿತ್ತು, ಇನ್ನೊಂದರಲ್ಲಿ ಸೀಳಿತ್ತು. ನಾನು ಓದಿದ ಯಾವ ಗೈಡಿನಲ್ಲೂ ಈ ಚಿತ್ರ ಕಂಡಿರಲಿಲ್ಲ. ಅಂಗೈ ಬೆವರಿತು.

ಇಡೀ ಉಂಗುರವನ್ನು ಸರಳಿಗೆ ತೊಡಿಸಿ ಬ್ಯಾಟರಿ ಜೋಡಿಸಿದೆ. ಅದು ಒಮ್ಮೆ ಮಿಸುಕಿ ಸುಮ್ಮನಾಯಿತು. ಸರ್ ಎ.ಸಿ. ಸಂಪರ್ಕ ಕೊಟ್ಟು ಸ್ವಿಚ್ ಒತ್ತಿದರು. ಉಂಗುರ ಸರಳನ್ನೇ ದಾಟಿ ಹಾರಿ ನೆಲಕ್ಕೆ ಬಿತ್ತು! ಸೀಳಿದ್ದ ಉಂಗುರ ಮಾತ್ರ ಅಲುಗಲಿಲ್ಲ.

ಆ ಸೀಳೇ ಸುಳಿವು ಕೊಟ್ಟಿತು. ಕಾಂತಕ್ಷೇತ್ರ ಬದಲಾದರೆ ಉಂಗುರದ ಸುತ್ತ ವಿದ್ಯುತ್ ಹರಿಯುತ್ತದೆ; ಸೀಳಿದ್ದರೆ ದಾರಿಯೇ ಕಡಿದಂತೆ. ಬ್ಯಾಟರಿಯಲ್ಲಿ ಬದಲಾವಣೆ ಸ್ವಿಚ್ ಹಾಕಿದ ಕ್ಷಣಕ್ಕಷ್ಟೇ, 50 ಹರ್ಟ್ಸ್ ಎ.ಸಿ.ಯಲ್ಲಿ ನಿರಂತರ. 1831ರಲ್ಲಿ ಫ್ಯಾರಡೆ ಕಂಡದ್ದು, 1834ರಲ್ಲಿ ಲೆನ್ಸ್ ಹೇಳಿದ್ದು ಇದನ್ನೇ ಎಂದು ಜಂಬದಿಂದ ವಿವರಿಸಿದೆ.

ಸರ್ ನಕ್ಕರು. ‘ಇದು ಎಲಿಹು ಥಾಮ್ಸನ್ನರ ಹಾರುವ ಉಂಗುರ. ಸರಿ, ಕ್ಷೇತ್ರ ಹೆಚ್ಚುವಾಗ ಉಂಗುರವನ್ನು ದೂಡುತ್ತೆ. ತಗ್ಗುವಾಗ ಎಳೆಯಬೇಕಲ್ಲ? ಎರಡೂ ಸಮವಾದರೆ ಹಾರುವುದೇಕೆ?’

‘ಗೊತ್ತಿಲ್ಲ ಸರ್’ ಎಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ, ಸಂದರ್ಶನ ಪತ್ರದ ಬೆನ್ನ ಮೇಲೆ ಅಲೆಗಳನ್ನು ಬರೆದು ಅಳಿಸುತ್ತ ಕುಳಿತೆ. ಕೊನೆಗೆ ಹೊಳೆಯಿತು. ಉಂಗುರಕ್ಕೂ ತನ್ನದೇ ಇಂಡಕ್ಟೆನ್ಸ್ ಇದೆ! ಹಾಗಾಗಿ ಅದರ ವಿದ್ಯುತ್ ಇನ್ನಷ್ಟು ತಡವಾಗಿ ಬರುತ್ತದೆ. ಆ ತಡದಿಂದ ಪ್ರತಿ ಆವರ್ತದಲ್ಲೂ ದೂಡುವ ಹೊತ್ತು ಎಳೆಯುವ ಹೊತ್ತಿಗಿಂತ ಉದ್ದವಾಗುತ್ತದೆ. ದೂಡುವುದೇ ಗೆಲ್ಲುತ್ತದೆ.

ಆ ಕೆಲಸ ನನಗೆ ಸಿಗಲಿಲ್ಲ. ಈಗ ಮನೆಪಾಠ ಹೇಳುತ್ತ ಮುಂದಿನ ಸಂದರ್ಶನಕ್ಕೆ ಕಾಯುತ್ತಿದ್ದೇನೆ. ಮಕ್ಕಳು ಲೆನ್ಸ್ ನಿಯಮವನ್ನು ಗಡಗಡನೆ ಒಪ್ಪಿಸಿದರೆ, ‘ಹಾಗಾದರೆ ಉಂಗುರ ಹಾರುವುದೇಕೆ?’ ಎಂದು ಕೇಳುತ್ತೇನೆ. ಪರೀಕ್ಷೆಯಲ್ಲಿ ಆ ನಿಯಮಕ್ಕೆ ನಾನೂ ಪೂರ್ತಿ ಅಂಕ ಪಡೆದಿದ್ದೆ. ಅರ್ಥವಾದದ್ದು ಮಾತ್ರ ಆ ಬಸ್ಸಿನಲ್ಲಿ.