ಗೋಡೆಯ ಮಾಡದಲ್ಲೊಂದು ಚಿನ್ನದ ಗಣಿ

ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯಂಥ ಊರಿನ ಯಾವ ಮನೆಗೇ ಹೋಗಿ, ಗೋಡೆಯ ಮಾಡದಲ್ಲೊಮ್ಮೆ ಕೈಯಾಡಿಸಿ. ಬ್ಯಾಟರಿ ಉಬ್ಬಿದ ಮೊಬೈಲು, ವೈರು ಹರಿದ ಚಾರ್ಜರು, ಸಿಡಿಲಿಗೆ ಸತ್ತ ಸೆಟ್‌ಟಾಪ್ ಬಾಕ್ಸು, ಲಿಂಬೆ ತೋಟದ ಬೋರಿಗೆ ಹಾಕಿದ್ದು ಸುಟ್ಟುಹೋದ ಮೊಬೈಲ್ ಸ್ಟಾರ್ಟರು. ಕೆಟ್ಟಿವೆ, ಆದರೆ ಎಸೆಯಲು ಮನಸ್ಸು ಬಾರದು. ಆ ಮನಸ್ಸು ಬಲು ಜಾಣ! ಯಾಕೆಂದರೆ ಆ ಮಾಡದಲ್ಲಿ ಚಿನ್ನವಿದೆ. ಅಲಂಕಾರಕ್ಕೆ ಹೇಳುತ್ತಿಲ್ಲ, ಪತ್ತಾರನು ಒರೆಗೆ ಹಚ್ಚಿ ನೋಡಬಹುದಾದ ಚಿನ್ನ.

ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆ ಕೊಡುವ ಲೆಕ್ಕ ಕೇಳಿ: 10 ಲಕ್ಷ ಹಳೆಯ ಮೊಬೈಲುಗಳನ್ನು ಸರಿಯಾಗಿ ಕರಗಿಸಿದರೆ ಸುಮಾರು 16 ಟನ್ ತಾಮ್ರ, 350 ಕಿಲೋ ಬೆಳ್ಳಿ, 34 ಕಿಲೋ ಚಿನ್ನ, 15 ಕಿಲೋ ಪಲ್ಲೇಡಿಯಂ. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಲಿಂಗಸುಗೂರು ತಾಲೂಕು, ಅಲ್ಲಿ ಹಟ್ಟಿ ಚಿನ್ನದ ಗಣಿ. ನೆಲದಾಳಕ್ಕಿಳಿದು ಬಂಡೆ ಸಿಡಿಸಿ ಒಂದು ಟನ್ ಅದಿರು ಎತ್ತಿದರೆ ಅದರಲ್ಲಿರುವುದು ಕೆಲವೇ ಗ್ರಾಂ ಚಿನ್ನ. ನೂರು ಗ್ರಾಂ ತೂಕದ ಮೊಬೈಲು ಹತ್ತು ಸಾವಿರ ಸೇರಿದರೂ ಒಂದು ಟನ್ನೇ. ಅದರಲ್ಲಿ 340 ಗ್ರಾಂ! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಮಾಡಗಳಿಂದ ಒಂದು ಲಕ್ಷ ಸತ್ತ ಫೋನು ಹೊರಬಂದವೆನ್ನಿ, ಮೂರು ಕಿಲೋ ಮೀರಿದ ಚಿನ್ನ ಕೈಗೆ ಬಂತು. ಬಂಡೆ ಸಿಡಿಸುವ ಗೋಜಿಲ್ಲ, ಸುರಂಗವಿಲ್ಲ.

ಚಿನ್ನ ಅಲ್ಲಿಗೆ ಹೋದದ್ದಾದರೂ ಹೇಗೆ? ತುಕ್ಕು ಹಿಡಿಯದ, ವಿದ್ಯುತ್ತನ್ನು ಸರಾಗವಾಗಿ ಸಾಗಿಸುವ ಲೋಹ ಅದು. ಸಿಮ್ ಕೂರುವ ಜಾಗದ ಹಳದಿ ಗೆರೆಗಳನ್ನು ನೋಡಿದ್ದೀರಲ್ಲ, ಅದು ಚಿನ್ನದ ಲೇಪ.

2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ನೀರಜ್ ಚೋಪ್ರಾ ಈಟಿ ಎಸೆದು ಗೆದ್ದ ಪದಕ ನೆನಪಿದೆಯೆ? ಆ ಪದಕದ ಲೋಹ ಬಂದದ್ದು ಜಪಾನಿಗರ ಹಳೆಯ ಫೋನು, ಕ್ಯಾಮೆರಾ, ಲ್ಯಾಪ್‌ಟಾಪುಗಳಿಂದ! 2017ರ ಏಪ್ರಿಲ್‌ನಿಂದ ಎರಡು ವರ್ಷ ದೇಶದ ತುಂಬ ಡಬ್ಬಿ ಇಟ್ಟು ಕೂಡಿಸಿದರು. 62 ಲಕ್ಷ ಫೋನುಗಳೂ ಸೇರಿದಂತೆ 79 ಸಾವಿರ ಟನ್ನಿನಷ್ಟು ಸಣ್ಣ ಉಪಕರಣ ಬಂದು ಬಿತ್ತು. ಅದರಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚಿಗೆ ಬೇಕಾದ ಲೋಹ. ಸುಮಾರು ಐದು ಸಾವಿರ ಪದಕಗಳಿಗೆ ಅಷ್ಟೇ ಸಾಕಾಯಿತು.

ಇಷ್ಟಿದ್ದೂ ಜಗತ್ತು ಅದನ್ನು ಚೆಲ್ಲುತ್ತಿದೆ. 2022ರಲ್ಲಿ ಭೂಮಿಯ ಮೇಲೆ ಹುಟ್ಟಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದ ದಾಖಲೆ ಸಿಕ್ಕಿದ್ದು ನೂರಕ್ಕೆ 22ರಷ್ಟಕ್ಕೆ ಮಾತ್ರ. ಉಳಿದದ್ದರಲ್ಲಿ ಬಹುಪಾಲು ನಮ್ಮಂಥ ದೇಶಗಳ ಗುಜರಿ ಗಲ್ಲಿಗಳ ಪಾಲು ಅಥವಾ ತಿಪ್ಪೆಯ ಪಾಲು.

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ಇದಕ್ಕೂ ಮುಂದಿನ ಸಂಗತಿ. 2000ದ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಂಪಾ ಸಂಸ್ಥೆಯವರು ಬೆಂಗಳೂರಿನ ಗುಜರಿ ಗಲ್ಲಿಗಳಲ್ಲಿ ಕೂತು ಅಳೆದರು. ಸರ್ಕ್ಯೂಟ್ ಬೋರ್ಡುಗಳನ್ನು ಆ್ಯಸಿಡ್‌ನಲ್ಲಿ ಅದ್ದಿ ಚಿನ್ನ ಬಿಡಿಸುವವರಿಗೆ ದಕ್ಕುತ್ತಿದ್ದುದು ಇದ್ದ ಚಿನ್ನದ ಕಾಲು ಭಾಗದಷ್ಟು. ಮುಕ್ಕಾಲು ಪಾಲು ಬೋರ್ಡಿನ ಚೂರುಗಳಲ್ಲೇ, ಮೋರಿಗೆ ಸುರಿದ ನೀರಲ್ಲೇ ಹೋಯಿತು! ಜೊತೆಗೆ ಕೈ ಸುಟ್ಟಿತು, ಎದೆ ಕೆಟ್ಟಿತು. ಹಾಗಾದರೆ ದೊಡ್ಡ ಯಂತ್ರ ತರಬೇಕು ಅನ್ನುತ್ತೀರಾ? ಸ್ವಲ್ಪ ತಡೆಯಿರಿ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದು ಅಲ್ಲಿನ ಯಂತ್ರ ಕಾರ್ಖಾನೆಯನ್ನು ಅಳೆಯಿತು. ಕಂಪ್ಯೂಟರನ್ನು ಹಾಗೆಹಾಗೆಯೇ ಪುಡಿಮಾಡುವ ಯಂತ್ರದಿಂದ ಮುಂದೆ ಹೊರತೆಗೆಯಲಾಗುವಂಥ ರೂಪದಲ್ಲಿ ಉಳಿದ ಚಿನ್ನವೂ ಕಾಲು ಭಾಗವೇ! ಪುಡಿಯಾದ ಚಿನ್ನ ಕಬ್ಬಿಣದ ಜೊತೆ, ಪ್ಲಾಸ್ಟಿಕ್ಕಿನ ಜೊತೆ ಬೆರೆತು ಮಾಯ.

ಅಂದರೆ ಬಿಚ್ಚುವ ಕೆಲಸದಲ್ಲಿ ಬೆಂಗಳೂರಿನ ಗೌರಿಪಾಳ್ಯದ ಗುಜರಿ ಹುಡುಗನ ಸ್ಕ್ರೂಡ್ರೈವರ್ ಜರ್ಮನಿಯ ಯಂತ್ರವನ್ನು ಸೋಲಿಸುತ್ತದೆ. ಬೋರ್ಡನ್ನು ಇಡಿಯಾಗಿ, ತಂತಿಯನ್ನು ಬೇರೆಯಾಗಿ, ಕಬ್ಬಿಣವನ್ನು ಬೇರೆಯಾಗಿ ತೆಗೆದಿಡುವುದು ಕೈಗೆ ಮಾತ್ರ ಬರುವ ವಿದ್ಯೆ. ಅವನಿಂದ ಕಸಿಯಬೇಕಾದದ್ದು ಆ್ಯಸಿಡ್ ತೊಟ್ಟಿಯೊಂದನ್ನೇ. ಬೋರ್ಡು ಅಲ್ಲಿಂದ ಮುಂದೆ ಬೆಲ್ಜಿಯಂನ ಹೊಬೊಕೆನ್‌ನಲ್ಲಿರುವ ಯೂಮಿಕೋರ್‌ನಂಥ ಕುಲುಮೆಗೆ ಹೋದರೆ ನೂರಕ್ಕೆ 95ರಷ್ಟು ಚಿನ್ನ ವಾಪಸು. ಪಿ. ಪಾರ್ಥಸಾರಥಿ ಅವರು ದಾಬಸ್‌ಪೇಟೆಯಲ್ಲಿ ಕಟ್ಟಿದ, 2005ರಲ್ಲಿ ಕೆಲಸ ಶುರುಮಾಡಿದ 'ಇ-ಪರಿಸರ', ಸರ್ಕಾರದ ಅನುಮತಿ ಪಡೆದ ದೇಶದ ಮೊದಲ ಇ-ತ್ಯಾಜ್ಯ ಘಟಕ. ದಾರಿ ಆಗಲೇ, ಇಲ್ಲೇ, ನಮ್ಮ ರಾಜ್ಯದಲ್ಲೇ ಶುರುವಾಗಿತ್ತು! ತೊಡಕು ಬೇರೆ ಕಡೆ ಇದೆ. ಆ್ಯಸಿಡ್ ತೊಟ್ಟಿ ಸಂಜೆಯೇ ದುಡ್ಡು ಕೊಡುತ್ತದೆ. ದೂರದ ಕುಲುಮೆ ವಾರಗಟ್ಟಲೆ ಕಾಯಿಸುತ್ತದೆ. ಗುಜರಿಯವನ ಮನೆಯ ಒಲೆ ಕಾಯುವುದಿಲ್ಲ.

ಇದನ್ನೆಲ್ಲ ಸರಿಯಾಗಿ ಮಾಡುವ ಖರ್ಚು ಹೊರುವವರು ಯಾರು? ಈ ಪ್ರಶ್ನೆಗೆ ಸಾಲೋಟಗಿ ಕ್ರಿ.ಶ. 945ರಲ್ಲಿ ಒಂದು ಉತ್ತರ ಹುಡುಕಿತ್ತು ಅಂದರೆ ನಂಬುತ್ತೀರಾ? ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಇಲ್ಲಿ ಕಟ್ಟಿಸಿದ ವಿದ್ಯಾಶಾಲೆಯ ಕಥೆ ಕಂಬದ ಶಾಸನದಲ್ಲಿದೆ. ಬೇರೆ ಬೇರೆ ಸೀಮೆಯಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗೃಹ, ಖರ್ಚಿಗೆ ಆ ಕಾಲದ ಅಳತೆಯಲ್ಲಿ 500 ನಿವರ್ತನ ಭೂಮಿ, ಬರೀ ದೀಪಕ್ಕೇ 12 ನಿವರ್ತನ! ಮೇಲೆ ಊರವರ ವಂತಿಗೆ: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ಮನೆಯಲ್ಲಿ ಸಂಭ್ರಮವಿದ್ದಾಗ, ಕೈ ಸಡಿಲವಿದ್ದಾಗ ತೆಗೆದಿಟ್ಟುಕೊಳ್ಳುವ ಉಪಾಯ. ನಮ್ಮ 2022ರ ಇ-ತ್ಯಾಜ್ಯ ನಿಯಮದ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದೇ. ಫೋನು ಮಾರಿದ ಕಂಪನಿಯೇ ಅದರ ಅಂತ್ಯಕ್ಕೂ ಹಣ ಕೊಡಬೇಕು, ನೋಂದಾಯಿತ ಮರುಬಳಕೆದಾರರಿಂದ ಪ್ರಮಾಣಪತ್ರ ಕೊಳ್ಳಬೇಕು. ಕೊನೆಗೆ ಆ ಹಣ ಹೊಸ ಫೋನು ಕೊಳ್ಳುವ ಖುಷಿಯಲ್ಲಿರುವ ನಮ್ಮ ಜೇಬಿನಿಂದಲೇ ಹೋಗುತ್ತದೆ ಬಿಡಿ.

ಆದರೆ ಆ ಪ್ರಮಾಣಪತ್ರದಲ್ಲಿ ಎಣಿಕೆಗೆ ಬರುವ ಲೋಹಗಳು ನಾಲ್ಕೇ: ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ಬೆಳ್ಳಿ ಎಲ್ಲಿ? ಪಲ್ಲೇಡಿಯಂ ಎಲ್ಲಿ? ಸ್ಪೀಕರಿನ ಪುಟ್ಟ ಅಯಸ್ಕಾಂತದೊಳಗಿನ ನಿಯೋಡೈಮಿಯಂ ಎಲ್ಲಿ? 2025ರ ಏಪ್ರಿಲ್‌ನಲ್ಲಿ ಚೀನಾ ವಿರಳ ಭಸ್ಮ ಲೋಹಗಳ ರಫ್ತಿಗೆ ಬಿಗಿ ಹಾಕಿದಾಗ ನಮ್ಮ ವಾಹನ ಕಾರ್ಖಾನೆಗಳು ಅಯಸ್ಕಾಂತಕ್ಕೆ ಪರದಾಡಿದವು. ಅದೇ ವರ್ಷದ ಸೆಪ್ಟೆಂಬರ್ 3ರಂದು ಕೇಂದ್ರ ಸಂಪುಟ ಇಂಥ ನಿರ್ಣಾಯಕ ಖನಿಜಗಳನ್ನು ಇ-ತ್ಯಾಜ್ಯದಿಂದ, ಹಳೆಯ ಬ್ಯಾಟರಿಯಿಂದ ತೆಗೆಯುವವರಿಗೆ ಪ್ರೋತ್ಸಾಹ ಕೊಡಲು 1,500 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರ ಮೂರನೇ ಒಂದು ಭಾಗ ಸಣ್ಣ ಹಾಗೂ ಹೊಸ ಉದ್ಯಮಗಳಿಗೆ ಮೀಸಲು. ಯೋಜನೆ 2030-31ರವರೆಗೆ ಇದೆ. ಇಂಡಿ ಕಡೆಯಿಂದ ಒಂದಾದರೂ ಅರ್ಜಿ ಹೋಗಲಿ ಎಂಬ ಆಸೆ ನನಗೆ. ಕಚ್ಚಾ ಮಾಲಂತೂ ಮನೆಮನೆಯ ಮಾಡದಲ್ಲಿ ತಯಾರಿದೆ.