ವಿಚಿತ್ರ ಕಣಗಳ ಜಮಾಖರ್ಚು

ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಬಹುಮಂದಿ ಲೆಕ್ಕದ ಪುಸ್ತಕದೊಡನೆ ದಿನ ಕಳೆಯುವವರು. ಆದುದರಿಂದ ಭೌತವಿಜ್ಞಾನದ ಕ್ಲಿಷ್ಟ ವಿಷಯವೊಂದನ್ನು ಈ ಸಲ ಲೆಕ್ಕದ ಭಾಷೆಯಲ್ಲೇ ಹೇಳಬಯಸುತ್ತೇವೆ. ಕಣ್ಣಿಗೆ ಕಾಣದ, ಕ್ಷಣವೂ ನಿಲ್ಲದ ಒಂದು ವಸ್ತು ಇದ್ದಿತೆಂಬುದಕ್ಕೆ ಜಮಾಖರ್ಚಿನಿಂದ ಸಾಕ್ಷಿ ಹುಡುಕುವುದು ಹೇಗೆ ಎಂಬುದೇ ಆ ವಿಷಯ.

1947ರಲ್ಲಿ ಮ್ಯಾಂಚೆಸ್ಟರಿನ ರೋಚೆಸ್ಟರ್ ಮತ್ತು ಬಟ್ಲರ್ ಎಂಬಿಬ್ಬರು ವಿಶ್ವಕಿರಣಗಳ ಜಾಡನ್ನು ಹಿಡಿದ ಛಾಯಾಚಿತ್ರಗಳಲ್ಲಿ ಹೊಸತೊಂದನ್ನು ಕಂಡು ಪ್ರಕಟಿಸಿದರು. ಏನೂ ಇಲ್ಲದ ಜಾಗದಿಂದ ಎರಡು ಗೆರೆಗಳು ಕವೆಗೋಲಿನಂತೆ ಹೊರಟಿದ್ದವು. ವಿದ್ಯುದಂಶವಿಲ್ಲದ, ಆದ್ದರಿಂದ ಜಾಡು ಬಿಡದ ಕಣವೊಂದು ಅಲ್ಲಿಗೆ ಬಂದು ಒಡೆದಿತ್ತು. ಮುಂದೆ ಇಂಥವು ಹಲವು ಸಿಕ್ಕಿದವು. ಅವುಗಳ ನಡತೆಯೇ ಒಗಟು: ಹುಟ್ಟಲು ಹಿಡಿಯುವ ಕಾಲಕ್ಕಿಂತ ಸಾಯಲು ಹಿಡಿಯುವ ಕಾಲ ಸುಮಾರು ಹತ್ತು ಲಕ್ಷ ಕೋಟಿ ಪಟ್ಟು ಹೆಚ್ಚು. ಹಾಗೆಂದು ದೀರ್ಘಾಯುಷ್ಯವೆನ್ನಬಾರದು, ಸೆಕೆಂಡನ್ನು ಸಾವಿರ ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ, ಅಷ್ಟೆ.

1953ರಲ್ಲಿ ಅಮೆರಿಕದ ಗೆಲ್‌ಮನ್ ಮತ್ತು ಜಪಾನಿನ ನಿಶಿಜಿಮ ಬೇರೆಬೇರೆಯಾಗಿ ಯೋಚಿಸಿ ಇವಕ್ಕೆ ಹೊಸ ಖಾತೆಯನ್ನೇ ತೆರೆದರು. ಖಾತೆಯ ಹೆಸರು ‘ವಿಚಿತ್ರತೆ’. ಡಿಕ್ಕಿಯಲ್ಲಿ ಈ ಖಾತೆ ಸರಿದೂಗಲೇಬೇಕು. ಒಂದು ಬದಿಗೆ ವಿಚಿತ್ರ ಬಿದ್ದರೆ ಇನ್ನೊಂದು ಬದಿಗೆ ಪ್ರತಿವಿಚಿತ್ರ ಬೀಳಬೇಕು. ಜೋಡಿಯಾಗಿ ಹುಟ್ಟಿ ಅಗಲಿದ ಕಣ ಒಂಟಿಯಾಗಿ ಬೇಗ ಒಡೆಯಲು ಖಾತೆ ಒಪ್ಪುವುದಿಲ್ಲ. ಈ ನಿಯಮಕ್ಕೆ ಕಟ್ಟುಬೀಳದ, ಬಹು ನಿಧಾನವಾದ ಇನ್ನೊಂದು ಬಲಕ್ಕಾಗಿ ಅದು ಕಾಯಬೇಕು. ಸಾವಿನ ವಿಳಂಬಕ್ಕೆ ಕಾರಣ ಇದೇ. 1964ರಲ್ಲಿ ಕ್ವಾರ್ಕುಗಳ ವಿಚಾರ ಬಂದಾಗ ಗುಟ್ಟು ಇನ್ನಷ್ಟು ಬಿಚ್ಚಿತು: ಪ್ರೋಟಾನು, ನ್ಯೂಟ್ರಾನುಗಳು ಅಪ್, ಡೌನ್ ಎಂಬ ಎರಡು ಬಗೆಯ ಕ್ವಾರ್ಕುಗಳಿಂದಾದರೆ, ವಿಚಿತ್ರ ಕಣಗಳಲ್ಲಿ ಸ್ಟ್ರೇಂಜ್ ಎಂಬ ಮೂರನೆಯ, ಹೆಚ್ಚು ತೂಕದ ಕ್ವಾರ್ಕು ಇರುತ್ತದೆ.

ಈಗ ಭಾರವಾದ ಪರಮಾಣುಗಳ ಡಿಕ್ಕಿಗೆ ಬರೋಣ. ಜಿನೀವದ ಸೆರ್ನ್ ಸಂಸ್ಥೆ, ನೆಲದಡಿಯ 27 ಕಿಲೋಮೀಟರ್ ಸುತ್ತಿನ ಯಂತ್ರದಲ್ಲಿ 2010ರಲ್ಲಿ ಸೀಸವನ್ನು ಸೀಸಕ್ಕೆ ಗುದ್ದಿಸಲಾರಂಭಿಸಿತು. ಎಲೆಕ್ಟ್ರಾನುಗಳನ್ನೆಲ್ಲ ಕಳಚಿ, 82 ಪ್ರೋಟಾನು 126 ನ್ಯೂಟ್ರಾನುಗಳ ಗಟ್ಟಿ ನ್ಯೂಕ್ಲಿಯಸ್ಸನ್ನು ಹೆಚ್ಚುಕಡಮೆ ಬೆಳಕಿನ ವೇಗದಲ್ಲಿ ಓಡಿಸುತ್ತಾರೆ. ಗುದ್ದಿದಲ್ಲಿ ಕಾವು ಎರಡು ಲಕ್ಷ ಕೋಟಿ ಡಿಗ್ರಿಯನ್ನೂ ಮೀರುತ್ತದೆ. ಆ ಕಾವಿನಲ್ಲಿ ಪ್ರೋಟಾನಿನ ಗೋಡೆ ಕರಗಿ, ಒಳಗಿನ ಕ್ವಾರ್ಕುಗಳೂ ಅವನ್ನು ಅಂಟಿಸಿದ್ದ ಗ್ಲುವಾನುಗಳೂ ಒಂದೇ ರಸವಾಗುತ್ತವೆ. ಸೃಷ್ಟಿಯ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಜಗತ್ತೆಲ್ಲ ಇದೇ ರಸವಾಗಿತ್ತೆಂದು ತಿಳಿದವರ ಮತ. ಆದರೆ ಅದನ್ನು ನೇರವಾಗಿ ನೋಡುವಂತಿಲ್ಲ. ಕೈಗೆ ಸಿಗುವುದು ತಣಿದು ಚೆದರಿದ ಕಣಗಳು ಮಾತ್ರ.

1982ರಲ್ಲಿ ರಾಫೆಲ್ಸ್ಕಿ ಮತ್ತು ಮ್ಯುಲ್ಲರ್ ಒಂದು ಉಪಾಯ ಸೂಚಿಸಿದರು. ಸೀಸದಲ್ಲಿ ವಿಚಿತ್ರತೆಯ ಆರಂಭ ಶಿಲ್ಕು ಸೊನ್ನೆ. ಕೊನೆಗೆ ಎಣಿಸಿದ್ದೆಲ್ಲ ಹೊಸ ಉತ್ಪತ್ತಿಯೇ. ಇನ್ನು ಅದರ ಬೆಲೆ ನೋಡಿ. ಎರಡು ಪ್ರೋಟಾನುಗಳು ಮಾಮೂಲಿನಂತೆ ಡಿಕ್ಕಿಯಾಗಿ ಲ್ಯಾಂಬ್ಡಾ ಮತ್ತು ಕೆಯಾನ್ ಎಂಬ ಜೋಡಿಯನ್ನು ಹೆರಬೇಕಾದರೆ ಹೆಚ್ಚಿನ ಖರ್ಚು ಸುಮಾರು 67 ಕೋಟಿ ಎಲೆಕ್ಟ್ರಾನ್-ವೋಲ್ಟು. ರಸದೊಳಗಾದರೋ ಎರಡು ಗ್ಲುವಾನುಗಳು ಕೂಡಿ ಸ್ಟ್ರೇಂಜ್ ಜೋಡಿಯನ್ನು ಮಾತ್ರ ಕೊಟ್ಟರೆ ಸಾಕು. ಖರ್ಚು ಸುಮಾರು 19 ಕೋಟಿ. ಸರಕು ಅಗ್ಗವಾದರೆ ಉತ್ಪತ್ತಿ ಹೆಚ್ಚಲೇಬೇಕಲ್ಲವೆ? ಅದರಲ್ಲೂ ಒಮೆಗಾ ಎಂಬ ಕಣಕ್ಕೆ ಮೂರು ಸ್ಟ್ರೇಂಜ್ ಕ್ವಾರ್ಕುಗಳು ಒಟ್ಟಿಗೆ ಬೇಕು. ಮಾಮೂಲು ಡಿಕ್ಕಿಗಳಲ್ಲಿ ಒಂದೊಂದಾಗಿ ಕೂಡಿಸಹೋದರೆ ಹೊತ್ತು ಸಾಲದು. ರಸದಲ್ಲಿ ಅವು ಮೊದಲೇ ತೇಲಾಡುತ್ತಿರುತ್ತವೆ, ತಣಿಯುವಾಗ ಮೂರು ಒಂದೆಡೆ ಸೇರಿದರಾಯಿತು.

ಸೆರ್ನಿನ ಹಳೆಯ, ಚಿಕ್ಕ ಯಂತ್ರದಲ್ಲಿ 1990ರ ದಶಕದಿಂದ ನಡೆದ ಎಣಿಕೆ ಹೀಗೆಯೇ ಬಂದಿತು. ಡಿಕ್ಕಿಯಲ್ಲಿ ಭಾಗವಹಿಸಿದ ತಲೆಯೊಂದಕ್ಕೆ ಲೆಕ್ಕ ಹಾಕಿದಾಗ, ಪ್ರೋಟಾನನ್ನು ಬೆರಿಲಿಯಮ್ಮಿಗೆ ಗುದ್ದಿಸಿದ್ದಕ್ಕಿಂತ ಸೀಸದಲ್ಲಿ ಲ್ಯಾಂಬ್ಡಾ ಕೆಲವೇ ಪಟ್ಟು ಹೆಚ್ಚಿದ್ದರೆ ಒಮೆಗಾ 15ರಿಂದ 20 ಪಟ್ಟು ಹೆಚ್ಚಿತ್ತು. 2000ದ ಫೆಬ್ರವರಿಯಲ್ಲಿ ಸೆರ್ನ್ ಹೊಸ ಸ್ಥಿತಿಯ ವಸ್ತುವಿಗೆ ಪುರಾವೆ ಸಿಕ್ಕಿತೆಂದು ಸಾರಿತು. ಅದು ಮುಂದಿಟ್ಟ ಸಾಕ್ಷ್ಯಗಳಲ್ಲಿ ಇದೂ ಒಂದು.

ಆದರೆ ಗುಮಾಸ್ತನಾದವನು ಇಲ್ಲಿ ಒಂದು ತಕರಾರು ಎತ್ತಬಹುದು, ವಿಜ್ಞಾನಿಗಳೂ ಎತ್ತಿದ್ದಾರೆ. ಚಿಕ್ಕ ಅಂಗಡಿಯಲ್ಲಿ ಜಮಾಖರ್ಚು ಆ ಒಂದೇ ಗಲ್ಲಾಪೆಟ್ಟಿಗೆಯೊಳಗೆ ತಾಳೆಯಾಗಬೇಕು. ನೂರು ಶಾಖೆಯ ದೊಡ್ಡ ಕೊಠಿಯಲ್ಲಿ ಇಲ್ಲಿಯ ಕೊರತೆ ಅಲ್ಲಿಯ ಉಳಿಕೆಗೆ ಸರಿಹೋಗುತ್ತದೆ. ಹಾಗೆಯೇ ಪ್ರೋಟಾನಿನ ಸಣ್ಣ ಡಿಕ್ಕಿಯಲ್ಲಿ ವಿಚಿತ್ರ, ಪ್ರತಿವಿಚಿತ್ರ ಎರಡೂ ಆ ಇಕ್ಕಟ್ಟಿನಲ್ಲೇ ಹುಟ್ಟಬೇಕಾದ್ದರಿಂದ ಉತ್ಪತ್ತಿಗೆ ತಡೆಯಿದೆ. ಸೀಸದಲ್ಲಿ ಕಂಡ ಹೆಚ್ಚಳದಲ್ಲಿ ಎಷ್ಟು ಪಾಲು ನಿಜವಾದ ಲಾಭ, ಎಷ್ಟು ಪಾಲು ಈ ತಡೆ ತೆಗೆದದ್ದರ ಫಲ? ಈ ಪ್ರಶ್ನೆಯೇ ನಮಗೆ ಎಲ್ಲಕ್ಕಿಂತ ರುಚಿಸಿದ್ದು.

2017ರಲ್ಲಿ ಸೆರ್ನಿನ ಅಲೀಸ್ ಪ್ರಯೋಗದವರು (ನಮ್ಮ ಕಲ್ಕತ್ತೆಯ ವಿಜ್ಞಾನ ಸಂಸ್ಥೆಗಳೂ ಇದರಲ್ಲಿ ಸೇರಿವೆ) ಈ ಜಗಳಕ್ಕೆ ಹೊಸ ಕಾಗದ ತಂದಿಟ್ಟರು. ಬರಿಯ ಪ್ರೋಟಾನು-ಪ್ರೋಟಾನು ಡಿಕ್ಕಿಗಳನ್ನೇ ಹೊರಬಿದ್ದ ಕಣಗಳ ಸಂಖ್ಯೆಯಂತೆ ವಿಂಗಡಿಸಿದಾಗ, ಹೆಚ್ಚು ಕಣ ಚೆಲ್ಲಿದ ಡಿಕ್ಕಿಗಳಲ್ಲಿ ವಿಚಿತ್ರ ಕಣಗಳ ಪಾಲೂ ಏರಿತ್ತು. ಒಮೆಗಾದ ಏರಿಕೆ ಎಲ್ಲಕ್ಕಿಂತ ಕಡಿದು. ಸೀಸದ ಲೆಕ್ಕದ ಮಟ್ಟಕ್ಕೆ ಅದು ಮೆಲ್ಲಗೆ ಹತ್ತಿಹೋಗುತ್ತಿತ್ತು, ನಡುವೆ ಮೆಟ್ಟಿಲೇ ಇಲ್ಲದಂತೆ. ಹಾಗಾದರೆ ಅಷ್ಟು ಚಿಕ್ಕ ಅಂಗಡಿಯಲ್ಲೂ ರಸದ ಹನಿ ಇದೆಯೆ? ಅಥವಾ ಏರಿಕೆಗೆ ರಸವೇ ಬೇಕಿಲ್ಲವೆ? ಎರಡು ಪಕ್ಷಕ್ಕೂ ವಾದಿಗಳಿದ್ದಾರೆ.

2025ರ ಜುಲೈಯಲ್ಲಿ ಅದೇ ಯಂತ್ರದಲ್ಲಿ ಆಮ್ಲಜನಕವನ್ನು ಆಮ್ಲಜನಕಕ್ಕೆ ಗುದ್ದಿಸಿದರು. ಅದರ ನ್ಯೂಕ್ಲಿಯಸ್ಸಿನಲ್ಲಿ 16 ತಲೆಗಳು, ಅಂದರೆ ಪ್ರೋಟಾನಿಗೂ ಸೀಸಕ್ಕೂ ನಡುವಣ ಅಂಗಡಿ.