ಬಾಸ್ ಗಿಟಾರಿನ ಶ್ರುತಿ

ಹಳೆಯ ಬಾಸ್ ಗಿಟಾರು ಅಪಸ್ವರ ನುಡಿಯಿತೆಂದು ಹೊಸ ಪಿಕಪ್ಪಿಗೆ ತಿಂಗಳ ಸಂಬಳ ಸುರಿಯಹೊರಟ ತರುಣ ವಾಚಕರಿಗೆ ನಮ್ಮದೊಂದು ಸೂಚನೆ. ಪಿಕಪ್ಪು ತಂತಿಯ ಕಂಪನವನ್ನು ವಿದ್ಯುತ್ತಾಗಿಸುವುದೇ ಹೊರತು ಶ್ರುತಿಯನ್ನು ತಿದ್ದಲಾರದು. ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಿರಿ. ಬಳಿಕ 12ನೆಯ ಮೆಟ್ಟಿಲಲ್ಲಿ ಒತ್ತಿ ಮೀಟಿದರೆ, ಒತ್ತದ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ಕೇಳಬೇಕು. ಏರಿದ್ದರೆ ಸ್ಯಾಡಲ್ ಎಂಬ ಕುದುರೆಯನ್ನು ತಿರುಪಿನಿಂದ ಹಿಂದಕ್ಕೆ ಸರಿಸಿ ತಂತಿಯ ಉದ್ದ ಹೆಚ್ಚಿಸಬೇಕು, ಇಳಿದಿದ್ದರೆ ಮುಂದಕ್ಕೆ. ಸರಿಸಿದಾಗಲೆಲ್ಲ ಮತ್ತೆ ಶ್ರುತಿ ಮಾಡಬೇಕು.

ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಹೊರತಂದ ‘ಪ್ರಿಸಿಷನ್’ ಬಾಸಿನಲ್ಲಿ ನಾಲ್ಕು ತಂತಿಗೆ ಎರಡೇ ಕುದುರೆ. ಒಂದು ತಂತಿಯನ್ನು ತಿದ್ದಿದರೆ ಜೊತೆಯದು ಕೆಡುವ ಪಾಡು! 1957ರಲ್ಲಿ ತಂತಿಗೊಂದು ಕುದುರೆ ಬಂದಿತು. ಗುಂಯ್‌ಗುಡುವ ದೋಷವಿದ್ದರೆ ಒಳಗಿನ ಬೆಸುಗೆಯನ್ನು ಪರೀಕ್ಷಿಸಿರಿ. ಪಿಕಪ್ಪಿನ ಮಾತು ಆಮೇಲೆ.